ದೂರ ಸರಿಯುತ್ತಿರುವ ಮದ್ದು: ಹಸುಗೂಸುಗಳ ರಕ್ತದ ನಂಜು ಹೇಳುವ ಪಾಠ

ಬೆಳಗಾವಿ: ಖಾನಾಪುರದಿಂದ ಬರುವ ರಸ್ತೆಗೂ ಜಾಂಬೋಟಿ, ಕಣಕುಂಬಿ ಕಾಡಿನ ಕಡೆಯಿಂದ ಇಳಿದು ಬರುವ ರಸ್ತೆಗೂ ಪೀರನವಾಡಿಯೇ ಕೂಡುಸ್ಥಳ. ಅಲ್ಲಿಂದ ಮುಂದೆ ಬೆಳಗಾವಿ ನಗರ. ತಾಲ್ಲೂಕಿನ ದವಾಖಾನೆಯಲ್ಲಿ ನಿಭಾಯಿಸಲಾಗದ ರೋಗಿಗಳನ್ನು ಹೊತ್ತ ವಾಹನಗಳು ಸಾಮಾನ್ಯವಾಗಿ ಈ ಊರನ್ನು ದಾಟಿಯೇ ಜಿಲ್ಲಾ ಆಸ್ಪತ್ರೆಗೋ ನಗರದ ದೊಡ್ಡ ಖಾಸಗಿ ಆಸ್ಪತ್ರೆಗೋ ಸೇರುತ್ತವೆ. ಆ ರೋಗಿಗಳಲ್ಲಿ ಹುಟ್ಟಿ ಕೆಲವೇ ದಿನಗಳಾದ ಹಸುಗೂಸುಗಳೂ ಇರುತ್ತವೆ. ಹಾಲು ಕುಡಿಯಲೊಲ್ಲದ, ಮೈ ತಣ್ಣಗಾದ ಅಥವಾ ಸುಡುವ, ಎದೆಗೂಡು ಒಳಗೆ ಸೆಳೆಯುವಂತೆ ಏದುಸಿರು ಬಿಡುವ ಕೂಸುಗಳು. ವೈದ್ಯರು ಇದನ್ನು ಸೆಪ್ಸಿಸ್ ಎನ್ನುತ್ತಾರೆ. ಜನರ ಮಾತಿನಲ್ಲಿ ಇದು ರಕ್ತದ ನಂಜು.

ಈ ನಂಜಿಗೆ ಮದ್ದಿಲ್ಲವೆಂದಲ್ಲ. ಆದರೆ ಒಂದು ಕಾಲಕ್ಕೆ ಹಳ್ಳಿಯ ಮನೆಯ ಜಗುಲಿಯಲ್ಲೇ ಕೊಡಬಹುದಾಗಿದ್ದ ಅಗ್ಗದ ಚುಚ್ಚುಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತಿವೆ. ಅವುಗಳನ್ನು ಬಗ್ಗಿಸುವ ಔಷಧಗಳು ನಗರದ ತೀವ್ರ ನಿಗಾ ಘಟಕಗಳಲ್ಲಿ ಮಾತ್ರ ದೊರೆಯುತ್ತವೆ. ಔಷಧ ನಿರೋಧಕತೆಯನ್ನು ಸಾಮಾನ್ಯವಾಗಿ ದೊಡ್ಡ ಆಸ್ಪತ್ರೆಗಳ ಸಮಸ್ಯೆಯೆಂದು ಕಾಣಲಾಗುತ್ತದೆ. ವಾಸ್ತವದಲ್ಲಿ ಅದರ ಹೊಡೆತ ಹೆಚ್ಚು ಬೀಳುವುದು ಆ ಆಸ್ಪತ್ರೆಗಳಿಂದ ದೂರವಿರುವ ಮಕ್ಕಳ ಮೇಲೆ.

2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಔಷಧ ನಿರೋಧಕತೆ ತಡೆಯುವ ಎರಡನೆಯ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು (2025-29) ಪ್ರಕಟಿಸಿತು. ಅದೇ ಡಿಸೆಂಬರ್ 28ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವರದಿಯನ್ನು ಉಲ್ಲೇಖಿಸಿ, ವೈದ್ಯರ ಸಲಹೆಯಿಲ್ಲದೆ ಆಂಟಿಬಯೋಟಿಕ್ ನುಂಗಬಾರದೆಂದು ಮನವಿ ಮಾಡಿದರು. ಅಂದು ಪ್ರಸ್ತಾಪವಾದದ್ದು ನ್ಯುಮೋನಿಯಾ ಮತ್ತು ಮೂತ್ರನಾಳದ ಸೋಂಕು. ತನ್ನ ನೋವನ್ನು ಹೇಳಿಕೊಳ್ಳಲಾರದ ಕೂಸಿನ ನಂಜಿನ ಚರ್ಚೆ ಇನ್ನೂ ಸಾರ್ವಜನಿಕ ವೇದಿಕೆಗೆ ಬಂದಿಲ್ಲ.

ಕರುಳಿನಿಂದ ರಕ್ತಕ್ಕೆ

ನಂಜು ಉಂಟುಮಾಡುವ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ಹೊರಗಿನಿಂದ ಬಂದ ಅಪರಿಚಿತ ಶತ್ರುಗಳಲ್ಲ. ಇ-ಕೋಲಿ, ಕ್ಲೆಬ್ಸಿಯೆಲ್ಲಾ, ಎಂಟರೋಬ್ಯಾಕ್ಟರ್ ಇವೆಲ್ಲ ಕರುಳಿನಲ್ಲಿ ವಾಸಿಸುವ ಜಾತಿಯವು. ಆರೋಗ್ಯವಂತರ ಹೊಟ್ಟೆಯಲ್ಲಿ ಇವು ಇದ್ದರೂ ತೊಂದರೆ ಕೊಡುವುದಿಲ್ಲ. ಕರುಳಿನ ಗೋಡೆ ದಾಟಿ ರಕ್ತ ಸೇರಿದಾಗ ಮಾತ್ರ ಪ್ರಾಣಾಂತಿಕವಾಗುತ್ತವೆ.

ಮಗು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಅದರ ಕರುಳಿಗೆ ಬ್ಯಾಕ್ಟೀರಿಯಾಗಳು ಬಂದು ನೆಲೆಸತೊಡಗುತ್ತವೆ. ತಾಯಿಯ ಜನನ ಮಾರ್ಗ, ಚರ್ಮ ಮತ್ತು ಎದೆಹಾಲಿನಿಂದ ಬಂದವು ಮೊದಲು ಜಾಗ ಹಿಡಿದರೆ ಉಪದ್ರವಿಗಳಿಗೆ ಎಡೆ ಸಿಗುವುದು ಕಷ್ಟ. ತಾಯಿಯಿಂದ ಬೇರ್ಪಟ್ಟು ವಾರ್ಡಿನಲ್ಲಿ ಮಲಗಿದ ಕೂಸಿಗೆ ಮೊದಲು ತಲುಪುವುದು ಸಿಬ್ಬಂದಿಯ ಕೈ, ನಳಿಕೆ, ತೊಟ್ಟಿ ಮತ್ತು ಉಪಕರಣಗಳಲ್ಲಿರುವ ಬ್ಯಾಕ್ಟೀರಿಯಾ. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಕರುಳಿನ ಗೋಡೆ ಇನ್ನೂ ಬಲಿತಿರುವುದಿಲ್ಲ. ಇದರ ಮೇಲೆ ಆಂಟಿಬಯೋಟಿಕ್ ಕೊಟ್ಟರೆ ಔಷಧಕ್ಕೆ ಬಗ್ಗುವವು ಸಾಯುತ್ತವೆ, ಬಗ್ಗದವು ಖಾಲಿಯಾದ ಜಾಗವನ್ನೆಲ್ಲ ಆಕ್ರಮಿಸುತ್ತವೆ.

ಕರುಳಿನ ಈ ಪಾತ್ರಕ್ಕೆ ಒಡಿಶಾದ ಹಳ್ಳಿಗಳಿಂದ ಬಲವಾದ ಸಾಕ್ಷ್ಯ ದೊರೆತಿದೆ. 4,556 ಆರೋಗ್ಯವಂತ ನವಜಾತ ಶಿಶುಗಳ ಮೇಲೆ ಅಲ್ಲಿ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ವಾರ ಕಾಲ ಉಪಕಾರಿ ಬ್ಯಾಕ್ಟೀರಿಯಾವನ್ನು ಬಾಯಿಯ ಮೂಲಕ ಕೊಟ್ಟ ಮಕ್ಕಳಲ್ಲಿ ನಂಜು ಅಥವಾ ಸಾವು ಶೇ 5.4ರಷ್ಟಿದ್ದರೆ, ಕೊಡದ ಗುಂಪಿನಲ್ಲಿ ಅದು ಶೇ 9ರಷ್ಟಿತ್ತು. ಇದನ್ನು ಮನೆಮದ್ದೆಂದು ಭಾವಿಸಬಾರದು. ಅವಧಿಪೂರ್ವ ಜನಿಸಿದ ಅತಿ ಸಣ್ಣ ಕೂಸುಗಳಿಗೆ ಇದೇ ಫಲಿತಾಂಶವನ್ನು ಅನ್ವಯಿಸಲಾಗದು. ಆದರೆ ಕರುಳನ್ನು ಮೊದಲು ಯಾರು ಸೇರುತ್ತಾರೆ ಎಂಬುದು ಮಗುವಿನ ಬದುಕನ್ನೇ ನಿರ್ಧರಿಸಬಲ್ಲದು ಎಂಬುದಂತೂ ಸ್ಪಷ್ಟವಾಯಿತು.

ಒಂದೊಂದಾಗಿ ಕೈಕೊಡುತ್ತಿರುವ ಔಷಧಗಳು

ಹಸುಗೂಸಿನ ನಂಜಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮೊದಲ ಚಿಕಿತ್ಸೆ ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್. ಎರಡೂ ಅಗ್ಗ, ಎರಡೂ ಹಳೆಯವು. ಇವು ಫಲಿಸದಿದ್ದರೆ ಸೆಫಲೋಸ್ಪೋರಿನ್ ವರ್ಗದ ಔಷಧ. ಅದೂ ಸೋತರೆ ಮೆರೊಪೆನೆಮ್‌ನಂಥ ಕಾರ್ಬಪೆನೆಮ್‌ಗಳು. ಕೊನೆಗೆ ಉಳಿಯುವವುಗಳಲ್ಲಿ ಒಂದು, ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ಕೊಲಿಸ್ಟಿನ್. ಹೀಗೆ ಒಂದೊಂದು ಮೆಟ್ಟಿಲು ಏರಿದಂತೆ ಬೆಲೆ ಏರುತ್ತದೆ, ಅಪಾಯ ಏರುತ್ತದೆ, ಅದನ್ನು ಕೊಡಬಲ್ಲ ಆಸ್ಪತ್ರೆಗಳ ಸಂಖ್ಯೆ ಇಳಿಯುತ್ತದೆ.

ದೆಹಲಿಯ 3 ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ನಡೆದ ಅಧ್ಯಯನ 2016ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಬೆಳಕು ಕಂಡಿತು. ಅಲ್ಲಿನ ಶಿಶು ಘಟಕಗಳಿಗೆ ದಾಖಲಾದ 13,530 ಮಕ್ಕಳಲ್ಲಿ ಶೇ 14.3ರಷ್ಟು ಮಕ್ಕಳಿಗೆ ನಂಜು ತಗುಲಿತ್ತು. ರಕ್ತದಲ್ಲಿ ಪತ್ತೆಯಾದ ಕ್ಲೆಬ್ಸಿಯೆಲ್ಲಾಗಳಲ್ಲಿ ಶೇ 54 ಮತ್ತು ಇ-ಕೋಲಿಗಳಲ್ಲಿ ಶೇ 38 ಬಹು ಔಷಧ ನಿರೋಧಕವಾಗಿದ್ದವು. ಕರುಳಿನ ಜಾತಿಗೆ ಸೇರದ, ಆಸ್ಪತ್ರೆಗಳಲ್ಲಿ ಬೀಡುಬಿಡುವ ಅಸಿನೆಟೋಬ್ಯಾಕ್ಟರ್‌ನಲ್ಲಿ ಈ ಪ್ರಮಾಣ ಶೇ 82. ಹೆಚ್ಚಿನ ಪ್ರಕರಣಗಳು ಹುಟ್ಟಿದ ಮೊದಲ 72 ಗಂಟೆಗಳೊಳಗೇ ಕಾಣಿಸಿಕೊಂಡವು ಎಂಬುದು ವೈದ್ಯರನ್ನೂ ಬೆಚ್ಚಿಬೀಳಿಸಿತು.

ಎಲ್ಲ ವಯಸ್ಸಿನ ರೋಗಿಗಳನ್ನು ಒಳಗೊಂಡ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯೂ ಇದೇ ದಿಕ್ಕನ್ನು ತೋರುತ್ತದೆ. ಕಾರ್ಬಪೆನೆಮ್ ವರ್ಗದ ಇಮಿಪೆನೆಮ್‌ಗೆ ಬಗ್ಗುವ ಇ-ಕೋಲಿ 2016ರಲ್ಲಿ ಶೇ 86ರಷ್ಟಿದ್ದುದು 2021ರಲ್ಲಿ ಶೇ 64ಕ್ಕೆ ಇಳಿಯಿತು. ಕ್ಲೆಬ್ಸಿಯೆಲ್ಲಾದಲ್ಲಿ ಇದು ಶೇ 65ರಿಂದ ಶೇ 43ಕ್ಕೆ ಕುಸಿಯಿತು. ಅಂದರೆ ಕ್ಲೆಬ್ಸಿಯೆಲ್ಲಾ ಸೋಂಕಿತರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಪ್ರಬಲ ಔಷಧವೂ ಉಪಯೋಗಕ್ಕೆ ಬಾರದ ಸ್ಥಿತಿ.

ಈ ಗುಣ ಇಷ್ಟು ಬೇಗ ಹರಡಲು ಕಾರಣವಿದೆ. ನಿರೋಧಕ ಶಕ್ತಿಯ ವಂಶವಾಹಿಗಳು ಹಲವು ಬಾರಿ ಪ್ಲಾಸ್ಮಿಡ್ ಎಂಬ ಸಣ್ಣ ಉಂಗುರಗಳಲ್ಲಿರುತ್ತವೆ. ನೆರೆಮನೆಯವರು ಬಿತ್ತನೆ ಬೀಜ ಕಡ ಕೊಡುವಂತೆ, ಒಂದು ಬ್ಯಾಕ್ಟೀರಿಯಾ ಇದನ್ನು ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಕ್ಕೂ ಕೊಡಬಲ್ಲದು. ಈ ವಿನಿಮಯಕ್ಕೆ ಕರುಳಿನಷ್ಟು ಅನುಕೂಲದ ಸ್ಥಳ ಬೇರೊಂದಿಲ್ಲ.

ಗಡಚಿರೋಲಿಯ ಜಗುಲಿ

ನಾವು ಕಳೆದುಕೊಳ್ಳುತ್ತಿರುವುದು ಏನೆಂದು ತಿಳಿಯಲು ನೆರೆಯ ಮಹಾರಾಷ್ಟ್ರದ ಗಡಚಿರೋಲಿಯನ್ನು ನೋಡಬೇಕು. ಕಾಡು ಮತ್ತು ಬಡತನದ ಆ ಜಿಲ್ಲೆಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ 'ಸರ್ಚ್' ಸಂಸ್ಥೆ 1995ರಿಂದ 1998ರವರೆಗೆ 39 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿತು. ಓದುಬರಹ ಬಲ್ಲ ಹಳ್ಳಿಯ ಮಹಿಳೆಯರಿಗೆ ತರಬೇತಿ ನೀಡಲಾಯಿತು. ಅವರು ಮನೆಮನೆಗೆ ತೆರಳಿ ಹಸುಗೂಸುಗಳನ್ನು ತೂಗಿದರು, ಉಸಿರು ಎಣಿಸಿದರು. ನಂಜಿನ ಲಕ್ಷಣ ಕಂಡರೆ, ಪೋಷಕರ ಒಪ್ಪಿಗೆ ಪಡೆದು ಜೆಂಟಾಮೈಸಿನ್ ಚುಚ್ಚುಮದ್ದು ಮತ್ತು ಬಾಯಿಗೆ ಹಾಕುವ ಔಷಧ ನೀಡಿದರು. 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಪ್ರಯೋಗ ನಡೆಯದ ಹಳ್ಳಿಗಳಿಗೆ ಹೋಲಿಸಿದರೆ ಇಲ್ಲಿ ನವಜಾತ ಶಿಶು ಮರಣ ಮೂರನೆಯ ವರ್ಷದ ಹೊತ್ತಿಗೆ ಶೇ 62ರಷ್ಟು ತಗ್ಗಿತ್ತು. ನಂಜು ತಗುಲಿದ ಮಕ್ಕಳಲ್ಲಿ ಸಾವಿನ ಪ್ರಮಾಣ ಶೇ 16.6ರಿಂದ ಶೇ 2.8ಕ್ಕೆ ಇಳಿದಿತ್ತು.

2011ರಲ್ಲಿ ದೇಶದಾದ್ಯಂತ ಆಶಾ ಕಾರ್ಯಕರ್ತೆಯರ ಮೂಲಕ ಆರಂಭವಾದ ಮನೆ ಆಧಾರಿತ ಶಿಶು ಆರೈಕೆಯ ಹಿಂದೆ ಇದೇ ಅನುಭವವಿದೆ. 2014ರಲ್ಲಿ ಕೇಂದ್ರ ಸರ್ಕಾರ ಮತ್ತೊಂದು ಹೆಜ್ಜೆ ಮುಂದಿಟ್ಟಿತು. ಆಸ್ಪತ್ರೆಗೆ ಸಾಗಿಸುವುದು ಸಾಧ್ಯವೇ ಇಲ್ಲದ ಸಂದರ್ಭದಲ್ಲಿ ಕಿರಿಯ ಆರೋಗ್ಯ ಸಹಾಯಕಿಯೇ ಜೆಂಟಾಮೈಸಿನ್ ಚುಚ್ಚುಮದ್ದು ಮತ್ತು ಅಮಾಕ್ಸಿಸಿಲಿನ್ ಕೊಡಬಹುದೆಂದು ಮಾರ್ಗಸೂಚಿ ಹೊರಡಿಸಿತು.

ಖಾನಾಪುರ ತಾಲ್ಲೂಕಿಗೆ ಈ ಮಾರ್ಗಸೂಚಿಯ ಬೆಲೆ ಏನೆಂದು ವಿವರಿಸಬೇಕಿಲ್ಲ. ಭೀಮಗಡ ಅಭಯಾರಣ್ಯದ ಒಳಗಿನ ಹಳ್ಳಿಗಳಲ್ಲಿ ಮಳೆಗಾಲ ಬಂತೆಂದರೆ ರೋಗಿಗಳನ್ನು ಹೆಗಲ ಮೇಲೆ ಹೊತ್ತು ವಾಹನ ಬರುವ ರಸ್ತೆಗೆ ತಲುಪಿಸಬೇಕಾಗುತ್ತದೆ. ಅಂಥಲ್ಲಿ ನಂಜು ತಗುಲಿದ ಕೂಸಿಗೆ ಮೊದಲ ಡೋಸ್ ಎಲ್ಲಿ ಸಿಗುತ್ತದೆ ಎಂಬುದೇ ಜೀವ ಮರಣದ ಪ್ರಶ್ನೆ. ಉಪಕೇಂದ್ರದಲ್ಲಿ ಸಿಗುವ ಜೆಂಟಾಮೈಸಿನ್ ಕೆಲಸ ಮಾಡಿದರೆ ಕೂಸು ಉಳಿಯುತ್ತದೆ. ಅದು ಸೋತು ಮೆರೊಪೆನೆಮ್ ಬೇಕೆಂದಾದರೆ, ಮದ್ದು ಪೀರನವಾಡಿಯ ಆಚೆಗೆ ಸರಿಯಿತೆಂದೇ ಅರ್ಥ.

ಹಳ್ಳಿಯಲ್ಲಿ ಇನ್ನೂ ಉಳಿದಿರುವ ಬಂಡವಾಳ

ಹಾಗಾದರೆ ಅಗ್ಗದ ಔಷಧಗಳ ಕಾಲ ಮುಗಿಯಿತೇ? ಇಲ್ಲ. ದೆಹಲಿಯ ಅಂಕಿಅಂಶಗಳು ದೊಡ್ಡ ಆಸ್ಪತ್ರೆಗಳವು ಎಂಬುದನ್ನು ಮರೆಯಬಾರದು. ಬಾಂಗ್ಲಾದೇಶ, ಪಾಕಿಸ್ತಾನ ಮತ್ತು ಭಾರತದ ವೆಲ್ಲೂರು, ಒಡಿಶಾಗಳಲ್ಲಿ ಸಮುದಾಯದ ಮಟ್ಟದಲ್ಲೇ 63,000ಕ್ಕೂ ಹೆಚ್ಚು ಶಿಶುಗಳನ್ನು ಗಮನಿಸಿದ 'ಅನಿಸಾ' ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅಲ್ಲಿ ಪತ್ತೆಯಾದ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಸಾಮಾನ್ಯ ಔಷಧಗಳಿಗೆ ಇನ್ನೂ ಬಗ್ಗುತ್ತಿದ್ದವು. ಅನೇಕ ಮಕ್ಕಳ ಕಾಯಿಲೆಗೆ ವೈರಸ್ಸೇ ಕಾರಣವಾಗಿತ್ತು. ಅಂಥವರಿಗೆ ಆಂಟಿಬಯೋಟಿಕ್‌ನಿಂದ ಪ್ರಯೋಜನವೇ ಇರಲಿಲ್ಲ.

ಈ ಎರಡು ಅಧ್ಯಯನಗಳನ್ನು ಜೊತೆಗಿಟ್ಟು ಓದಿದರೆ ಚಿತ್ರ ತಿಳಿಯಾಗುತ್ತದೆ. ನಿರೋಧಕ ಬ್ಯಾಕ್ಟೀರಿಯಾಗಳ ದೊಡ್ಡ ನೆಲೆ ಆಸ್ಪತ್ರೆ. ಹಳ್ಳಿಯ ಬಳಿ ಇನ್ನೂ ಕೆಲಸ ಮಾಡುವ ಔಷಧವೆಂಬ ಬಂಡವಾಳ ಉಳಿದಿದೆ. ಆದರೆ ರಸ್ತೆಯಲ್ಲಿ ಸಂಚಾರ ಒಮ್ಮುಖವಲ್ಲ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುವ ಮಗು ತನ್ನ ಕರುಳಿನಲ್ಲಿ ನಿರೋಧಕ ಬ್ಯಾಕ್ಟೀರಿಯಾವನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹೊತ್ತಿರಬಹುದು. ಅಂಗಡಿಯಿಂದ ನೇರವಾಗಿ ತಂದ ಸಿರಪ್ಪು, ಜ್ವರಕ್ಕೆಲ್ಲ ಬರೆದುಕೊಡುವ ಸೆಫಿಕ್ಸಿಮ್, ಅರ್ಧಕ್ಕೆ ನಿಲ್ಲಿಸಿದ ಮಾತ್ರೆ ಇವೆಲ್ಲ ಹಳ್ಳಿಯ ಆ ಬಂಡವಾಳವನ್ನು ದಿನದಿನವೂ ಕರಗಿಸುತ್ತಿವೆ.

ಬೆಳಗಾವಿಯ ಪ್ರಯೋಗ ಹೇಳಿದ್ದು

ಔಷಧದಿಂದಲೇ ನಂಜನ್ನು ಮೊದಲೇ ತಡೆಯಲಾಗದೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಜಾಗತಿಕ ಪ್ರಯೋಗವೊಂದರಲ್ಲಿ ಬೆಳಗಾವಿಯೂ ಪಾಲ್ಗೊಂಡಿತ್ತು. ಇಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯ ಹಾಗೂ ನಾಗಪುರದ ಕೇಂದ್ರ ಸೇರಿದಂತೆ 7 ದೇಶಗಳಲ್ಲಿ 2019ರಿಂದ 2021ರವರೆಗೆ 29,278 ಗರ್ಭಿಣಿಯರ ಮೇಲೆ ಈ ಅಧ್ಯಯನ ನಡೆಯಿತು. ಹೆರಿಗೆ ನೋವು ಆರಂಭವಾದ ಮೇಲೆ ಒಂದು ಗುಂಪಿಗೆ 2 ಗ್ರಾಂ ಅಜಿತ್ರೊಮೈಸಿನ್ ಅನ್ನು ಒಂದೇ ಬಾರಿ ಕೊಡಲಾಯಿತು. ಮತ್ತೊಂದು ಗುಂಪಿಗೆ ಔಷಧವಿಲ್ಲದ ಮಾತ್ರೆ.

2023ರಲ್ಲಿ ಹೊರಬಂದ ಫಲಿತಾಂಶಕ್ಕೆ ಎರಡು ಮುಖ. ತಾಯಂದಿರಲ್ಲಿ ನಂಜು ಅಥವಾ ಸಾವು ಶೇ 2.4ರಿಂದ ಶೇ 1.6ಕ್ಕೆ ಇಳಿಯಿತು. ಬಾಣಂತಿಯರ ಜೀವ ಉಳಿಸುವ ದೃಷ್ಟಿಯಿಂದ ಇದು ಸಣ್ಣ ಸಾಧನೆಯಲ್ಲ. ಆದರೆ ನಿರ್ಜೀವ ಜನನ, ಶಿಶು ಮರಣ ಅಥವಾ ಶಿಶುವಿನ ನಂಜು ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು: ಔಷಧ ಪಡೆದವರಲ್ಲಿ ಶೇ 10.5, ಪಡೆಯದವರಲ್ಲಿ ಶೇ 10.3. ತಾಯಿಯನ್ನು ಕಾಯ್ದ ಮಾತ್ರೆ ಕೂಸನ್ನು ಕಾಯಲಿಲ್ಲ. ಕೂಸಿನ ರಕ್ಷಣೆಗೆ ಮತ್ತೊಂದು ಆಂಟಿಬಯೋಟಿಕ್‌ನಲ್ಲೇ ಉತ್ತರ ಹುಡುಕುವ ಅಭ್ಯಾಸಕ್ಕೆ ಇದೊಂದು ಎಚ್ಚರಿಕೆ.

ಔಷಧವಿಲ್ಲದ ಉಪಾಯ ಫಲ ನೀಡಿದ್ದಕ್ಕೆ ನಿದರ್ಶನವಿದೆ. ಭಾರತವೂ ಸೇರಿ 5 ದೇಶಗಳಲ್ಲಿ ಕಡಿಮೆ ತೂಕದ 3,211 ಶಿಶುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಚರ್ಮ ತಾಗುವಂತೆ ಇರಿಸುವ 'ಕಾಂಗರೂ ಆರೈಕೆ'ಯ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಸ್ಥಿತಿ ಸುಧಾರಿಸಿದ ಮೇಲಷ್ಟೇ ಈ ಆರೈಕೆ ಪಡೆದ ಶಿಶುಗಳಿಗೆ ಹೋಲಿಸಿದರೆ ಸಾವು ಶೇ 25ರಷ್ಟು ಕಡಿಮೆಯಾಯಿತು, ಶಂಕಿತ ನಂಜೂ ತಗ್ಗಿತು. ನಮ್ಮದೇ ಕೊಪ್ಪಳ ಜಿಲ್ಲೆ ಕಾಂಗರೂ ಆರೈಕೆಯನ್ನು ಸರ್ಕಾರಿ ವ್ಯವಸ್ಥೆಯಲ್ಲಿ ವಿಸ್ತರಿಸುವ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದ ಕ್ಷೇತ್ರಗಳಲ್ಲೊಂದಾಗಿತ್ತು. ಇದಕ್ಕೆ ಬೇಕಾದದ್ದು ದುಬಾರಿ ಯಂತ್ರವಲ್ಲ. ಶಿಶು ಘಟಕದಲ್ಲಿ ತಾಯಿಗೊಂದು ಮಂಚ.

ನಳದ ನೀರಿನ ಲೆಕ್ಕ

ಶಿಶು ಘಟಕದಾಚೆ, ತುಸು ದೊಡ್ಡ ಮಕ್ಕಳ ವಿಷಯಕ್ಕೆ ಬಂದರೆ ಕರುಳಿನಿಂದ ರಕ್ತ ಸೇರುವ ಮುಖ್ಯ ಬ್ಯಾಕ್ಟೀರಿಯಾಗಳಲ್ಲಿ ವಿಷಮಶೀತ ಜ್ವರದ ಸಾಲ್ಮೊನೆಲ್ಲಾ ಒಂದು. ಇದು ಬರುವುದು ನೀರು ಮತ್ತು ಆಹಾರದ ಮೂಲಕ. ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ 2016ರಿಂದ ಹಬ್ಬಿದ ವಿಷಮಶೀತ ಜ್ವರ ಸೆಫ್‌ಟ್ರಯಾಕ್ಸೋನ್‌ಗೂ ಬಗ್ಗಲಿಲ್ಲ. ಭಾರತದಲ್ಲಿ ಸಿಪ್ರೊಫ್ಲಾಕ್ಸಸಿನ್ ಈ ಜ್ವರದ ಮುಂದೆ ಬಹುಮಟ್ಟಿಗೆ ಸೋತಿದೆ.

ಈ ವಿಷಯದಲ್ಲಿ ಉತ್ತರ ಕರ್ನಾಟಕಕ್ಕೆ ತನ್ನದೇ ಆದ ಸಾಕ್ಷ್ಯವಿದೆ. ವಿಶ್ವ ಬ್ಯಾಂಕ್ ನೆರವಿನ ಯೋಜನೆಯಡಿ 2008ರ ವೇಳೆಗೆ ಬೆಳಗಾವಿ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿಯ ಆಯ್ದ ಬಡಾವಣೆಗಳಿಗೆ ದಿನದ 24 ಗಂಟೆ ನೀರು ಹರಿಯತೊಡಗಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಸಂಶೋಧಕರು ಹುಬ್ಬಳ್ಳಿ-ಧಾರವಾಡದಲ್ಲಿ ಎರಡೂ ಬಗೆಯ ಬಡಾವಣೆಗಳ ನೀರನ್ನು ಪರೀಕ್ಷಿಸಿದರು. ಕೆಲವು ದಿನಗಳಿಗೊಮ್ಮೆ ನೀರು ಬಿಡುವ ಕಡೆ ನಳದ ನೀರಿನ ಶೇ 31.7 ಮಾದರಿಗಳಲ್ಲಿ ಇ-ಕೋಲಿ ಸಿಕ್ಕಿತು. ನಿರಂತರ ನೀರಿನ ಬಡಾವಣೆಗಳಲ್ಲಿ ಸಿಕ್ಕಿದ್ದು ಶೇ 0.7ರಲ್ಲಿ ಮಾತ್ರ. ನೀರು ನಿಂತಾಗ ಕೊಳವೆಯಲ್ಲಿ ಒತ್ತಡ ಇಲ್ಲವಾಗಿ, ಸುತ್ತಲಿನ ಚರಂಡಿಯ ಕೊಳೆ ಬಿರುಕುಗಳಿಂದ ಒಳನುಸುಳಬಹುದು.

5 ವರ್ಷದೊಳಗಿನ ಮಕ್ಕಳಿರುವ 3,922 ಮನೆಗಳನ್ನು 2010-11ರಲ್ಲಿ ಗಮನಿಸಿದ ಇದೇ ಅಧ್ಯಯನದ ಮತ್ತೊಂದು ಭಾಗ 2015ರಲ್ಲಿ ಪ್ರಕಟವಾಯಿತು. ನಿರಂತರ ನೀರಿನಿಂದ ಒಟ್ಟಾರೆ ಅತಿಸಾರದಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ವಿಷಮಶೀತ ಜ್ವರ ಬಂದಿತ್ತೆಂದು ಹೇಳಿದ ಮನೆಗಳು ಶೇ 42ರಷ್ಟು ಕಡಿಮೆಯಿದ್ದವು. ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿಯೂ ತಗ್ಗಿತ್ತು. ಬಾರದ ಜ್ವರಕ್ಕೆ ಆಂಟಿಬಯೋಟಿಕ್ ಬೇಕಿಲ್ಲ. ಬಳಸದ ಆಂಟಿಬಯೋಟಿಕ್ ನಾಳೆಗೆ ಉಳಿಯುತ್ತದೆ.

ನೀರು ಮತ್ತು ನಿರೋಧಕತೆಯ ಈ ನಂಟು ಊಹೆಯಲ್ಲ. ಕಾರ್ಬಪೆನೆಮ್‌ಗಳನ್ನು ಸೋಲಿಸುವ ಎನ್‌ಡಿಎಂ-1 ವಂಶವಾಹಿಯನ್ನು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ದೆಹಲಿಯ 50 ನಳದ ನೀರಿನ ಮಾದರಿಗಳಲ್ಲಿ 2ರಲ್ಲಿ, ಬೀದಿಯಲ್ಲಿ ನಿಂತ 171 ಕೊಳಚೆ ನೀರಿನ ಮಾದರಿಗಳಲ್ಲಿ 51ರಲ್ಲಿ ಪತ್ತೆ ಮಾಡಿತ್ತು. ಬೆಳಗಾವಿ ಇಡೀ ನಗರಕ್ಕೆ ನಿರಂತರ ನೀರು ಕೊಡುವ ಕಾಮಗಾರಿ ಕೈಗೆತ್ತಿಕೊಂಡಿದೆ. ಪೀರನವಾಡಿ, ಮಚ್ಛೆಗಳಂಥ ಪ್ರತ್ಯೇಕ ಪಟ್ಟಣ ಪಂಚಾಯಿತಿಗಳು ನಗರಕ್ಕೆ ಅಂಟಿಕೊಂಡೇ ಬೆಳೆಯುತ್ತಿವೆ. ನೀರು ಮತ್ತು ಒಳಚರಂಡಿಯ ಲೆಕ್ಕದಲ್ಲಿ ಇವನ್ನು ನಗರದಿಂದ ಬೇರ್ಪಡಿಸಿ ನೋಡುವುದು ಆಡಳಿತಕ್ಕೆ ಸಾಧ್ಯ. ಬ್ಯಾಕ್ಟೀರಿಯಾಗಳಿಗೆ ಪಾಲಿಕೆಯ ಗಡಿ ತಿಳಿಯದು.

ಮುಂದಿನ ದಾರಿ

ಮೊದಲ ಅಗತ್ಯ ರಕ್ತದ ಕಲ್ಚರ್ ಪರೀಕ್ಷೆ. ಕೂಸಿನ ದೇಹದಿಂದ ಸುಮಾರು ಒಂದು ಮಿಲಿಲೀಟರ್ ರಕ್ತ ತೆಗೆದು ಬಾಟಲಿಯಲ್ಲಿ ಬೆಳೆಸಿದರೆ ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ಎರಡು ಮೂರು ದಿನಗಳಲ್ಲಿ ಗೊತ್ತಾಗುತ್ತದೆ. ಅಲ್ಲಿಯವರೆಗೆ ಔಷಧ ನಿಲ್ಲಿಸಿ ಕಾಯಲಾಗದು; ಆದರೆ ಔಷಧ ಆರಂಭಿಸುವ ಮೊದಲೇ ರಕ್ತ ತೆಗೆಯಬಹುದು. ವರದಿ ಬಂದ ಮೇಲೆ ಅನಗತ್ಯ ಔಷಧ ನಿಲ್ಲಿಸಬಹುದು, ಪ್ರಬಲವಾದದ್ದನ್ನು ಸರಳವಾದದ್ದಕ್ಕೆ ಬದಲಾಯಿಸಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರಯೋಗಾಲಯ ತೆರೆಯುವುದು ಕೂಡಲೇ ಆಗದಿದ್ದರೆ, ಅಲ್ಲಿ ತೆಗೆದ ರಕ್ತದ ಬಾಟಲಿಯನ್ನು ಬೆಳಗಾವಿಗೆ ಕಳುಹಿಸುವ ಏರ್ಪಾಡು ಆಗಲೇಬೇಕು. ಖಾನಾಪುರದಿಂದ ಜಿಲ್ಲಾ ಕೇಂದ್ರಕ್ಕೆ ಇರುವುದು ಸುಮಾರು 25 ಕಿ.ಮೀ. ಮಾತ್ರ. ವರ್ಷಕ್ಕೊಮ್ಮೆ ಆ ವರದಿಗಳನ್ನು ಒಟ್ಟುಗೂಡಿಸಿದರೆ ಜಿಲ್ಲೆಯ ವೈದ್ಯರ ಕೈಗೆ ದೆಹಲಿಯ ಅಂಕಿಅಂಶದ ಬದಲು ಜಿಲ್ಲೆಯದೇ ಅಂಕಿಅಂಶ ಸಿಗುತ್ತದೆ.

ಎರಡನೆಯದು ಔಷಧ ಅಂಗಡಿಗಳ ಮೇಲಿನ ನಿಗಾ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ 'ಎಚ್-1' ಅನುಸೂಚಿಯಲ್ಲಿ ಸೆಫಿಕ್ಸಿಮ್‌ನಿಂದ ಮೆರೊಪೆನೆಮ್‌ವರೆಗೆ ಹಲವು ಆಂಟಿಬಯೋಟಿಕ್‌ಗಳಿವೆ. ಇವನ್ನು ಮಾರುವಾಗ ವೈದ್ಯರ ಮತ್ತು ರೋಗಿಯ ವಿವರಗಳನ್ನು ಪ್ರತ್ಯೇಕ ವಹಿಯಲ್ಲಿ ಬರೆದು 3 ವರ್ಷ ಕಾಯ್ದಿಡಬೇಕು. ಕಾನೂನು ಇದೆ, ವಹಿ ತೆರೆದು ನೋಡುವವರು ಬೇಕು.

ಮೂರನೆಯದು ಪೋಷಕರ ಪಾತ್ರ. ಎರಡು ತಿಂಗಳೊಳಗಿನ ಮಗು ಹಾಲು ಬಿಟ್ಟರೆ, ಮಂಕಾದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡಿದರೆ, ಎದೆ ಒಳಗೆ ಸೆಳೆದರೆ, ಮೈ ಕಾದರೆ ಅಥವಾ ತಣ್ಣಗಾದರೆ, ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೆಯಲ್ಲಿ ಉಳಿದ ಸಿರಪ್ಪು ಹಾಕಿ ಕಾಯುವ ಸಮಯ ಅದಲ್ಲ. ಕೂಸನ್ನು ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯುವುದು, ಮೊದಲ ಹಳದಿ ಹಾಲು ಕುಡಿಸುವುದು, ಜೇನು, ಸಕ್ಕರೆ ನೀರು ನೆಕ್ಕಿಸದಿರುವುದು ಹಣವಿಲ್ಲದೆ ಸಿಗುವ ರಕ್ಷಣೆ.

2019ರಲ್ಲಿ ಔಷಧ ನಿರೋಧಕ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದೂ ಅವರಲ್ಲಿ ಐವರಲ್ಲೊಬ್ಬರು 5 ವರ್ಷದೊಳಗಿನ ಮಕ್ಕಳೆಂದೂ 2022ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ಹೊಸ ಆಂಟಿಬಯೋಟಿಕ್ ಯಾವಾಗ ಬಂದೀತೋ, ಬಂದರೂ ಅದರ ಬೆಲೆ ಎಷ್ಟಿದ್ದೀತೋ, ಅದು ಬೆಳಗಾವಿ ಜಿಲ್ಲೆಯ ಕೈಯಲ್ಲಿಲ್ಲ. ಕಣಕುಂಬಿಯ ಉಪಕೇಂದ್ರದಲ್ಲಿ ಸಿಗುವ ಹಳೆಯ ಚುಚ್ಚುಮದ್ದು ಇನ್ನೂ 20 ವರ್ಷ ಕೆಲಸ ಮಾಡುವಂತೆ ನೋಡಿಕೊಳ್ಳುವುದು ಮಾತ್ರ ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ.